ಒಂದೇ ಹೆಸರಿನ ಫೋಟೋಗಳು

ಚಂಪಾ ತೀರಿಕೊಂಡ ಮೇಲೆ ಅನುರಾಧಾ ಮತ್ತೆ ಆಫೀಸಿಗೆ ಹೋಗತೊಡಗಿದಾಗ ಮಳೆಗಾಲ ಮುಗಿಯುತ್ತ ಬಂದಿತ್ತು. ನಾಲ್ಕು ವರ್ಷದ ಮಗಳು ರಕ್ತದ ಕಾಯಿಲೆಯಿಂದ ಹೋದಳೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಅವಳ ಎದುರು ಆ ಮಾತು ಎತ್ತಲಿಲ್ಲ. ಚಹಾ ತಂದಿಡುತ್ತಿದ್ದರು, ಬಿಸ್ಕೀಟಿನ ಪುಡಿಕೆ ಅವಳತ್ತ ಸರಿಸುತ್ತಿದ್ದರು.

ಮುಂಬೈಯ ಘಾಟ್ಕೋಪರ್‌ನ ಹಳೆಯ ಬಿಲ್ಡಿಂಗೊಂದರಲ್ಲಿದ್ದ ಆ ಚಿಕ್ಕ ಕಂಪನಿ, ಸಾವಿರಾರು ಫೈಲುಗಳ ಹೆಸರನ್ನು ಒಂದೇ ಸಲಕ್ಕೆ ಬದಲಿಸಿಕೊಡುವ ಸಾಫ್ಟ್‌ವೇರ್ ಮಾಡುತ್ತಿತ್ತು. ಮದುವೆ ಫೋಟೋ ತೆಗೆಯುವವರು, ವಕೀಲರು, ಆಸ್ತಿ ದಲ್ಲಾಳಿಗಳು ಅದನ್ನು ಬಳಸುತ್ತಿದ್ದರು. ಅದರ ಸೆಟ್ಟಿಂಗ್ಸ್ ಪುಟಗಳನ್ನು ರೂಪಿಸುವುದು ಅನುರಾಧಾಳ ಕೆಲಸ. ಯಾವ ಪ್ರಶ್ನೆ ಎಲ್ಲಿ ಕೇಳಬೇಕು, ಬಳಸುವವರು ಏನನ್ನೂ ಆರಿಸದೆ ಮುಂದೆ ಹೋದರೆ ತಾನಾಗಿ ಏನಾಗಬೇಕು, ಇಂಥವನ್ನೆಲ್ಲ ಅವಳೇ ಯೋಚಿಸಿ ಬರೆದು ಕೊಡುತ್ತಿದ್ದಳು.

ಅವಳು ರಜೆ ಹಾಕುವ ಮೊದಲು ಒಂದು ತಕರಾರು ಅರ್ಧಕ್ಕೇ ನಿಂತಿತ್ತು. ಹೆಸರು ಬದಲಿಸುವಾಗ ಎರಡು ಫೈಲುಗಳಿಗೆ ಒಂದೇ ಹೆಸರು ಬಂದರೆ ಏನು ಮಾಡಬೇಕು? ಎರಡನೆಯದಕ್ಕೆ ಒಂದು ಅಂಕಿ ಸೇರಿಸಿ ಎರಡನ್ನೂ ಉಳಿಸಬಹುದು. ಎರಡನೆಯದನ್ನು ಮುಟ್ಟದೆ ಬಿಡಬಹುದು. ಮೊದಲನೆಯದನ್ನು ಅಳಿಸಿ ಅದರ ಜಾಗದಲ್ಲಿ ಎರಡನೆಯದನ್ನು ಕೂರಿಸಬಹುದು. ಇಲ್ಲವೇ ಕೆಲಸ ನಿಲ್ಲಿಸಿ ಬಳಸುವವರನ್ನೇ ಕೇಳಬಹುದು. ಕೇಳಲೇಬೇಕು ಎನ್ನುವುದು ಅನುರಾಧಾಳ ಹಟ. ಕಂಪನಿಯ ಮಾಲೀಕ ಅಮೋಲ್‌ಗೆ ಅದು ಬೇಡವಾಗಿತ್ತು. ಅವನದು ಬೆಳಗಾವಿ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಘಾಟ್ಕೋಪರ್. ಅನುರಾಧಾಳ ಜೊತೆ ಮಾತ್ರ ಕನ್ನಡ ಆಡುತ್ತಿದ್ದ. ಅವಳು ಮರಳಿದ ಮೇಲೆ ಮೀಟಿಂಗಿನಲ್ಲಿ ಮತ್ತೆ ಅದೇ ಮಾತು ತೆಗೆದ.

"ಹಜಾರ್ ಫೈಲಿಗೆ ಹಜಾರ್ ಸಲ ಕೇಳ್ತಾ ಕೂತ್ರ ಮಂದಿ ಬ್ಯಾಸತ್ತು ಆ್ಯಪ್ ಬಂದ್ ಮಾಡ್ತಾರ, ಅನುರಾಧಾ. ಹಳೇದು ಅಳಸು, ಹೊಸಾದು ಇಡು. ಸಿಂಪಲ್. ಬ್ಯಾಡಂದವ್ರು ಸೆಟ್ಟಿಂಗ್ಸಿನಾಗ ಹೋಗಿ ಬದಲಿ ಮಾಡ್ಕೋಲಿ."

ಮೊದಲಿನ ಅನುರಾಧಾ ಆಗಿದ್ದರೆ ಮೇಜು ಕುಟ್ಟಿ ವಾದ ಮಾಡುತ್ತಿದ್ದಳು. ಆ ದಿನ ಮೀಟಿಂಗ್ ಕೋಣೆಯಲ್ಲಿ ಯಾರೋ ಕೈಗೆ ಸ್ಯಾನಿಟೈಜರ್ ಹಚ್ಚಿಕೊಂಡರು. ಆ ವಾಸನೆ ಮೂಗಿಗೆ ಬಡಿದದ್ದೇ ಆಸ್ಪತ್ರೆಯ ವಾರ್ಡು, ಹಸಿರು ಪರದೆ, ಮಗಳ ಸಣ್ಣ ಮುಂಗೈಗೆ ಅಂಟಿಸಿದ್ದ ಬಿಳಿ ಪಟ್ಟಿ ಎಲ್ಲ ಕಣ್ಣಿಗೆ ಕಟ್ಟಿದವು. ಒಮ್ಮೆ ಆ ಕೋಣೆಯಿಂದ ಹೊರಬಿದ್ದರೆ ಸಾಕಾಗಿತ್ತು. "ಆತು, ಹಂಗ ಮಾಡೂಣು," ಎಂದುಬಿಟ್ಟಳು. ಅದೇ ವಾರ ಪರೀಕ್ಷೆಗಾಗಿ ಎಲ್ಲರ ಲ್ಯಾಪ್‌ಟಾಪಿಗೂ ಹೊಸ ಆವೃತ್ತಿ ಹಾಕಿದರು. ಅವಳದಕ್ಕೂ ಬಂತು.

ಅವರ ಮನೆ ಸಯನ್‌ನಲ್ಲಿ. ಗಂಡ ಪ್ರಶಾಂತ ವಿಜಯಪುರದವನು, ಕುರ್ಲಾದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಸೂಪರ್‌ವೈಜರ್. ಮಗಳು ಹೋದ ಮೇಲೆ ಅವನು ಅತ್ತದ್ದನ್ನು ಅನುರಾಧಾ ನೋಡಿರಲಿಲ್ಲ. ಬಂದವರಿಗೆಲ್ಲ ಅವನೇ ಸಮಾಧಾನ ಹೇಳಿ ಕಳಿಸಿದ್ದ. ಮಗಳ ಒಂದು ಫೋಟೋವನ್ನೂ ತೆರೆದು ನೋಡಿರಲಿಲ್ಲ. ಹಾಗಿದ್ದವನು, ಚಂಪಾಳ ಹುಟ್ಟುಹಬ್ಬ ಹತ್ತಿರ ಬಂದಾಗ ತಾನಾಗಿಯೇ, ತನ್ನ ಪ್ರೆಸ್ಸಿನಲ್ಲೇ ಒಳ್ಳೆಯ ಕಾಗದ ಹಾಕಿ ಒಂದು ಆಲ್ಬಮ್ ಮಾಡಬೇಕೆಂದು ಮನಸ್ಸು ಮಾಡಿದ. ಹೆಂಡತಿಗೆ ಹೇಳಲಿಲ್ಲ. ಮುಗಿಸಿ ತೋರಿಸೋಣ ಎಂದುಕೊಂಡ.

ಫೋಟೋಗಳು ಎರಡು ಫೋನಿನವು. ಅನುರಾಧಾಳ ಹಳೆಯ ಫೋನು ಆಸ್ಪತ್ರೆಯ ದಿನಗಳಲ್ಲಿ ಬಿದ್ದು ಕೆಟ್ಟಿತ್ತು. ಅದನ್ನು ಕೊಟ್ಟು ಹೊಸದು ಕೊಳ್ಳುವ ಮುಂಚೆ ಅದರ ಫೋಟೋಗಳನ್ನೆಲ್ಲ ಅವಳು ಲ್ಯಾಪ್‌ಟಾಪಿಗೆ ಸಾಗಿಸಿದ್ದಳು. ಅವು ಬೇರೆಲ್ಲೂ ಇರಲಿಲ್ಲ. ಪ್ರಶಾಂತ ತನ್ನ ಫೋನಿನವನ್ನೂ ಅದೇ ಲ್ಯಾಪ್‌ಟಾಪಿಗೆ ಹಾಕಿದ. ಹೆಸರುಗಳೆಲ್ಲ ಕಲಸುಮೇಲೋಗರ. ಹೆಂಡತಿಯ ಕಂಪನಿಯ ಸಾಫ್ಟ್‌ವೇರ್ ಅಲ್ಲೇ ಇತ್ತು. ಎಲ್ಲ ಫೋಟೋಗಳನ್ನು ಒಂದೇ ಫೋಲ್ಡರಿನಲ್ಲಿ ಸೇರಿಸಿ, ಚಂಪಾ ಎಂಬ ಹೆಸರಿನ ಮುಂದೆ ಫೋಟೋ ತೆಗೆದ ದಿನ, ಗಂಟೆ, ನಿಮಿಷ ಬರುವಂತೆ ಮಾಡಿ ಒತ್ತಿದ.

ರವಿವಾರ ಬೆಳಿಗ್ಗೆ ಅನುರಾಧಾ ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಅವನು ಕರೆದ. "ಅನು, ಗ್ಯಾಸ್ ಬಂದ್ ಮಾಡಿ ಬಾ ಇಲ್ಲಿ. ಏನ್ ಮಾಡೇನಿ ನೋಡು."

ಅವನ ದನಿಯಲ್ಲಿ ಎಷ್ಟೋ ತಿಂಗಳ ಮೇಲೆ ಉಮೇದು ಕಂಡಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು. ಪರದೆಯ ಮೇಲೆ ಚಂಪಾ ಒಂದೊಂದಾಗಿ ಬಂದಳು. ಬಲೂನು ಹಿಡಿದ ಚಂಪಾ, ಲೋಕಲ್ಲಿನ ಕಿಟಕಿಗೆ ಮೂಗು ಒತ್ತಿದ ಚಂಪಾ, ಅಮ್ಮನ ಕೊರಳಿಗೆ ಜೋತುಬಿದ್ದ ಚಂಪಾ. ಅನುರಾಧಾ ಅಳುತ್ತಲೇ ನಕ್ಕಳು. ಅವನು ಮುಂದೆ ಮುಂದೆ ಸರಿಸುತ್ತ ಹೋದ. ಸ್ವಲ್ಪ ಹೊತ್ತಿಗೆ ಅವನ ಬೆರಳು ಜೋರಾಯಿತು. ಆಮೇಲೆ ನಿಂತಿತು.

"ಅನು, ಇದ್ರಾಗ ನಾ ಎಲ್ಲೂ ಇಲ್ಲಲ್ಲ."

ಅವಳಿಗೆ ತಕ್ಷಣ ತಿಳಿಯಿತು. ಚಂಪಾಳದೊಂದು ನಿಯಮವಿತ್ತು. ಪಪ್ಪಾ ಎತ್ತಿಕೊಂಡಾಗ ಮಮ್ಮಿ ಫೋಟೋ ತೆಗೆಯಬೇಕು, ತೆಗೆದದ್ದೇ ತಡ, "ಈಗ ಮಮ್ಮಿ!" ಎಂದು ಅವಳತ್ತ ಜಿಗಿದು ಬರುತ್ತಿದ್ದಳು, ಆಗ ಪಪ್ಪಾ ತೆಗೆಯಬೇಕು. ಎರಡೂ ಒಂದೇ ನಿಮಿಷದಲ್ಲಿ. ಎರಡಕ್ಕೂ ಒಂದೇ ಹೆಸರು. ಅನುರಾಧಾ ತೆಗೆದದ್ದರ ಮೇಲೆ ಪ್ರಶಾಂತ ತೆಗೆದದ್ದು ಕೂತಿತ್ತು. ಅಪ್ಪ ಮಗಳು ಜೊತೆಗಿದ್ದ ಫೋಟೋಗಳೆಲ್ಲ ಅಳಿಸಿಹೋಗಿದ್ದವು.

"ಅದು ಏನೂ ಕೇಳಲಿಲ್ಲ," ಅಂದ ಪ್ರಶಾಂತ. "ಮುಗೀತು ಅಂತ ಹಸಿರು ಟಿಕ್ ಬಂತು, ಅಷ್ಟ. ನಾ ಏನರ ತಪ್ಪು ಒತ್ತಿದೆನೇನು?"

ಹೌದು, ತಪ್ಪು ಒತ್ತಿದಿ ಎಂದು ಅವಳು ಅನ್ನಬಹುದಿತ್ತು. ಮಷೀನು ಕೆಟ್ಟಿರಬೇಕು ಅಂದರೂ ಅವನು ನಂಬುತ್ತಿದ್ದ.

"ನಿಂದೇನೂ ತಪ್ಪಿಲ್ಲ. ಕೇಳಬಾರದು, ಅಳಸಬೇಕು ಅಂತ ಇಟ್ಟಾಕಿ ನಾನ. ಅಮೋಲ್ ಹೇಳ್ದಾ, ನಾ ಹೂಂ ಅಂದೆ."

ಪ್ರಶಾಂತ ಅವಳ ಮುಖ ನೋಡಿದ. ಬೈಯಲಿಲ್ಲ. ಲ್ಯಾಪ್‌ಟಾಪನ್ನು ಮೆಲ್ಲಗೆ ಮುಚ್ಚಿ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಒಲೆಯ ಮೇಲಿನ ಅವಲಕ್ಕಿ ಹಾಗೇ ಆರಿತು.

ಕುರ್ಲಾ ಸ್ಟೇಶನ್ ಬಳಿ ಕೆಟ್ಟ ಡಿಸ್ಕುಗಳಿಂದ ಫೈಲು ತೆಗೆದುಕೊಡುವ ಸೀನನ ಅಂಗಡಿಗೆ ಇಬ್ಬರೂ ಹೋದರು. ಸೀನ ಲ್ಯಾಪ್‌ಟಾಪನ್ನು ಕೆಲವು ದಿನ ಇಟ್ಟುಕೊಂಡು, ಕರೆದು ವಾಪಸು ಕೊಟ್ಟ. "ಹಳೇ ನಮೂನಿ ಡಿಸ್ಕ್ ಇದ್ದಿದ್ರ ಏನರ ಸಿಗ್ತಿತ್ತು, ಮ್ಯಾಡಂ. ಇದ್ರಾಗ ಹೋಗಿದ್ದು ಹೋದಂಗ. ಮಾಫ್ ಕರೋ." ವಿಜಯಪುರದಲ್ಲಿದ್ದ ಪ್ರಶಾಂತನ ತಾಯಿ ರಾಚವ್ವನಿಗೆ ಫೋನ್ ಮಾಡಿದರು. ಅವಳ ವಾಟ್ಸಾಪಿನಲ್ಲಿ ಒಂದೇ ಒಂದು ಸಿಕ್ಕಿತು. ಅದರಲ್ಲಿ ಚಂಪಾಳ ಹಿಂದೆ ಪ್ರಶಾಂತನ ಅಂಗಿಯ ತೋಳು ಮಾತ್ರ ಕಾಣುತ್ತಿತ್ತು. ಅವನು ಅದನ್ನು ದೊಡ್ಡದು ಮಾಡಿ ಮಾಡಿ ನೋಡಿದ. ದೊಡ್ಡದಾದಷ್ಟೂ ಅದು ಮಸುಕಾಯಿತು.

ಅನುರಾಧಾ ಅಮೋಲ್‌ನ ಎದುರು ಕೂತು ನಡೆದದ್ದನ್ನು ಹೇಳಿದಳು. "ಬದಲಿ ಮಾಡು," ಅಂದ. "ನಿಂಗ ಹೆಂಗ ಬೇಕೋ ಹಂಗ." ಅವಳು ಮಾಡಿದಳು. ತಾನಾಗಿ ಎರಡೂ ಉಳಿಯಬೇಕು. ಅಳಿಸುವ ಆಯ್ಕೆ ಕೆಳಗೆ ಹೋಗಬೇಕು. ಅದನ್ನು ಆರಿಸಿದವರಿಗೆ ಯಾವ ಫೈಲುಗಳು ಹೋಗುತ್ತವೆಂದು ಮೊದಲು ತೋರಿಸಬೇಕು, ಹೋದವು ಒಂದು ತಿಂಗಳು ಬೇರೆ ಫೋಲ್ಡರಿನಲ್ಲಿ ಕಾದಿರಬೇಕು. ಒಳ್ಳೆಯ ಕೆಲಸವೇ ಅದು. ಮುಗಿಸಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ನಿಂತಳು.

ಹುಟ್ಟುಹಬ್ಬ ಬಂದು ಹೋಯಿತು. ಆಲ್ಬಮ್ ಆಗಲಿಲ್ಲ. ಮನೆಯಲ್ಲಿ ಇಬ್ಬರೂ ಬೇಕಾದಷ್ಟೇ ಮಾತಾಡುತ್ತಿದ್ದರು. ಒಂದು ಸಂಜೆ ಪ್ರಶಾಂತ ಚಹಾದ ಕಪ್ಪು ಕೆಳಗಿಟ್ಟು ಕೇಳಿದ.

"ಆ ಫೋಟೋ ತಗದಾಕಿ ನೀನ. ನಿಂಗ ನೆನಪಿರಬೇಕಲ್ಲ. ಹೇಳು."

ಅವಳು ಹೇಳತೊಡಗಿದಳು. ಸಯನ್ ಕೋಟೆಯ ಗಾರ್ಡನ್ನಿನಲ್ಲಿ ಚಂಪಾ ಅವನ ಹೆಗಲೇರಿ ಕೂದಲು ಹಿಡಿದು ಎಳೆದದ್ದು. ಗಣಪತಿ ನೋಡಲು ಹೋದಾಗ ಅವನ ತೋಳಲ್ಲೇ ನಿದ್ದೆ ಹೋದದ್ದು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಹಾಗೆ ಬಹಳ ಸಂಜೆಗಳು ಕಳೆದವು. ಕೆಲವನ್ನು ಎರಡೆರಡು ಸಲ ಹೇಳಿಸಿಕೊಂಡ.

ಒಂದು ದಿನ ಅವನು ಕಣ್ಣು ತೆರೆದೇ ಕೇಳಿದ. "ಆಸ್ಪತ್ರಿ ಕಿಟಕಿ ಕಡೆ ಎತ್ಕೊಂಡು ನಿಂತಿದ್ದೆ ನೋಡು, ಕಡೀಗೆ. ಆಕಿ ಮಾರಿ ನನ್ನ ಹೆಗಲ ಮ್ಯಾಲಿತ್ತು, ನನಗ ಕಾಣಲಿಲ್ಲ. ನೀ ಹಿಂದಿನಿಂದ ಫೋಟೋ ತಗದಿ, ಅದ ನಿಮಿಷ ನಾ ಕಿಟಕಿ ಹೊರಗಿಂದು ತಗದೆ. ಆವಾಗ ನಗಾಕತ್ತಿದ್ಲೇನು?"

ಆ ಮುಖ ಅನುರಾಧಾಳಿಗೆ ಚೆನ್ನಾಗಿ ನೆನಪಿತ್ತು. ಹೂಂ ಅಂದಿದ್ದರೆ ಅವನಿಗೆ ಅಷ್ಟಾದರೂ ಉಳಿಯುತ್ತಿತ್ತು. ಅವಳಿಂದ ಆಗಲಿಲ್ಲ.

"ಇಲ್ಲ. ನಗ್ತಿರಲಿಲ್ಲ. ಬಾಳ ದಣಿದಿದ್ಲು. ಕಣ್ಣು ಅರ್ಧ ಮುಚ್ಚಿದ್ವು. ಆದ್ರ ನಿನ್ನ ಕಾಲರ್ ಮುಷ್ಟಿ ಬಿಗದು ಹಿಡ್ಕೊಂಡಿದ್ಲು. ನರ್ಸ್ ಕರದ್ರೂ ಬಿಡಲಿಲ್ಲ."

ಪ್ರಶಾಂತನ ಕೈ ತಾನಾಗಿ ಕುತ್ತಿಗೆಯತ್ತ ಹೋಯಿತು. ಅಲ್ಲಿ ಕಾಲರ್ ಇರಲಿಲ್ಲ, ಮನೆಯಲ್ಲಿ ತೊಡುವ ಬನಿಯನ್ನಿತ್ತು. ಅದರ ಅಂಚನ್ನೇ ಹಿಡಿದುಕೊಂಡು ಅವನು ಅಳತೊಡಗಿದ. ಮೊದಲು ಸದ್ದಿಲ್ಲದೆ, ಆಮೇಲೆ ಪಕ್ಕದ ಮನೆಯವರು ಬಾಗಿಲು ತೆರೆಯುವಷ್ಟು ಜೋರಾಗಿ. ಅನುರಾಧಾ ಅವನನ್ನು ತಡೆಯಲಿಲ್ಲ. ಎದ್ದು ಬಾಗಿಲು ಹಾಕಿ ಬಂದು, ಅವನ ಪಕ್ಕ ನೆಲದ ಮೇಲೆ ಕೂತಳು.