ಬೈಯುವವನ ಕುರ್ಚಿ

ತಂಗಿ ತೀರಿಕೊಂಡ ಸುದ್ದಿ ಬಂದ ಮಂಗಳವಾರ ಬೆಳಿಗ್ಗೆ ನನ್ನ ಬಾಯಿಯಲ್ಲಿ ಏಳು ಮೊಳೆಗಳಿದ್ದವು. ಕುರ್ಚಿಗೆ ಮೆತ್ತೆ ಕಟ್ಟುವವರಿಗೆ ಅದು ರೂಢಿ. ಒಂದು ಕೈಯಲ್ಲಿ ಬಟ್ಟೆ, ಇನ್ನೊಂದರಲ್ಲಿ ಸುತ್ತಿಗೆ ಇದ್ದರೆ ಮೊಳೆಗೆ ಬೇರೆ ಜಾಗವಿಲ್ಲ. ಫೋನಿನಲ್ಲಿ ಅವಳ ಶಿಷ್ಯೆ, "ಯಜಮಾನ್ರೇ, ಮೇಡಂ ಹೋಗ್ಬಿಟ್ರು. ಬೆಳಗಿನ ಜಾವ ನಿದ್ದೆಯಲ್ಲೇ," ಎಂದಳು. ನಾನು ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು, ಆಮೇಲೆ "ಬಂದೆನಮ್ಮ" ಎಂದೆ.

ಎದುರಿಗಿದ್ದದ್ದು ತಂಗಿಯದೇ ಕುರ್ಚಿ. ಸೋಮವಾರ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅಂಚಿನ ಹೊಲಿಗೆ ಮನಸ್ಸಿಗೆ ಬರಲಿಲ್ಲ. ಬಿಚ್ಚಿ ಮತ್ತೆ ಹಾಕೋಣ, ನಾಳೆ ಕೊಟ್ಟರಾಯಿತು ಎಂದು ಉಳಿಸಿಕೊಂಡಿದ್ದೆ. ಸೋಮವಾರ ಹೋಗಿದ್ದರೆ ಅವಳನ್ನು ನೋಡುತ್ತಿದ್ದೆ.

ತಂಗಿಯ ಕೆಲಸ ಮನಸ್ಸಿನ ರಿಪೇರಿ. ಸ್ಕೀಮಾ ಥೆರಪಿ ಎನ್ನುತ್ತಿದ್ದಳು. ನನಗೆ ಅರ್ಥವಾಗುವಂತೆ ಹೇಳು ಎಂದಾಗ, "ಚಿಕ್ಕಂದಿನಲ್ಲಿ ಮನಸ್ಸಿಗೆ ಒಂದು ಅಚ್ಚು ಬಿದ್ದಿರುತ್ತೆ ಅಣ್ಣ. ನಾನು ಯಾರಿಗೂ ಬೇಡ, ನನ್ನ ಕೈಲಿ ಏನೂ ಆಗಲ್ಲ, ಹೀಗೆ. ತಲೆ ನರೆತರೂ ಎಲ್ಲಾನೂ ಅದೇ ಅಚ್ಚಲ್ಲಿ ಎರಕ ಹೊಯ್ತಿರ್ತೀವಿ. ಆ ಅಚ್ಚನ್ನ ಗುರುತು ಹಿಡಿದು ಸಡಿಲ ಮಾಡ್ಬೇಕು," ಎಂದಿದ್ದಳು.

ಅದಕ್ಕಾಗಿ ಅವಳ ಕೋಣೆಯಲ್ಲಿ ಮೂರು ಕುರ್ಚಿಗಳಿದ್ದವು. ಒಂದು ನಮ್ಮೊಳಗೆ ಕೂತು ಬೈಯುವವನದು. ಒಂದು ಗಿಡ್ಡದು, ಬೈಸಿಕೊಳ್ಳುವ ಮಗುವಿನದು. ಮೂರನೆಯದು ಇಬ್ಬರಿಗೂ ತಿಳಿಹೇಳುವ ದೊಡ್ಡವರದು. ಬಂದವರು ಒಂದರಿಂದ ಒಂದಕ್ಕೆ ಎದ್ದು ಕೂತು, ಮೂವರ ಮಾತನ್ನೂ ತಾವೇ ಆಡಬೇಕು. "ಒಬ್ಬನೇ ಮೂರು ಪಾತ್ರ ಹಾಕೋ ನಾಟಕ ಕಂಪನಿ ಅನ್ನು," ಎಂದು ನಾನು ಕಿಚಾಯಿಸಿದರೆ, "ನೀನೂ ಒಂದಿನ ಬಣ್ಣ ಹಚ್ಕೊಂಡು ಬಾ, ನಿನ್ನ ನಾಟಕ ಇನ್ನೂ ದೊಡ್ಡದಿದೆ," ಎನ್ನುತ್ತಿದ್ದಳು.

ನನ್ನ ಬಳಿ ಬಂದದ್ದು ಬೈಯುವವನ ಕುರ್ಚಿ. "ಬಟ್ಟೆ ಮಾತ್ರ ಬದಲಾಯಿಸು. ಕಾಲು ಅಲುಗಾಡುತ್ತೆ, ಅದನ್ನ ಮುಟ್ಟಬೇಡ," ಎಂದು ಒತ್ತಿ ಹೇಳಿದ್ದಳು. ನಲವತ್ತು ವರ್ಷ ಪಳಗಿದ ಕೈ ಕೇಳಬೇಕಲ್ಲ. ಕುಂಟುವ ಕುರ್ಚಿ ಕಳಿಸಿದರೆ ನಾಲ್ಕು ಜನ ಏನೆಂದಾರು? ಕುಳ್ಳ ಕಾಲಿಗೆ ಒಂದು ತುಂಡು ಅಂಟಿಸಿ, ಹತ್ತಿಯನ್ನೂ ಎರಡು ಪದರ ಹೆಚ್ಚಿಗೆ ತುಂಬಿದೆ. ಅವಳು ಮಣ್ಣಾದ ಮರುವಾರ ಒಯ್ದು ಕೊಟ್ಟೆ.

ದಿನಾ ಬೆಳಿಗ್ಗೆ ದೇವರ ಮುಂದೆ ಕೂರುವುದು ನನ್ನ ಎಷ್ಟೋ ವರ್ಷಗಳ ಅಭ್ಯಾಸ. ಆದರೆ ಆಮೇಲಿನ ಆರು ವಾರ ತಂಗಿಗಾಗಿ ಒಂದು ಪ್ರಾರ್ಥನೆಯನ್ನೂ ಮುಗಿಸಲು ಆಗಲಿಲ್ಲ. 'ನನ್ನ ತಂಗಿಗೆ' ಎಂದು ಬಾಯಿ ತೆರೆದರೆ ಸಾಕು, 'ಬಂದ್ಯಾ ನಾಳೆರಾಯ? ಇದಕ್ಕೂ ನಾಳೆ ಬಾ' ಎಂದು ಒಳಗಿನಿಂದ ಒಂದು ದನಿ ಏಳುತ್ತಿತ್ತು. ಕೈ ಕೆಳಗಿಳಿಯುತ್ತಿತ್ತು. ಅವಳಿಗೆ ನಾನು ಕೊಡಬಹುದಾದದ್ದು ಇನ್ನು ಅದೊಂದೇ, ಅದೂ ನಾಳೆಗೇ ಉಳಿಯುತ್ತಿತ್ತು.

ಅಷ್ಟರಲ್ಲಿ ಶಿಷ್ಯೆಯ ಫೋನು ಬಂತು: ಕುರ್ಚಿಯ ಮೇಲೆ ದೂರು ಬಂದಿದೆ. ಸಲಕರಣೆಯ ಚೀಲ ಹಿಡಿದು ಹೋದೆ. ಹೊರಕೋಣೆಯಲ್ಲಿ ಒಬ್ಬ ಬಸ್ ಡ್ರೈವರ್ ಕೂತಿದ್ದ, ಮೊದಲು ತಂಗಿಯ ಬಳಿ ಬರುತ್ತಿದ್ದವನು. ಈಗ ಶಿಷ್ಯೆಯ ಬಳಿ ಬರುತ್ತಿದ್ದ.

"ಆ ಕುರ್ಚಿ ಮಾಡಿದ್ದು ನೀವಾ ಅಜ್ಜಾ?"

"ಹೌದಪ್ಪ. ಏನಾಗಿದೆ ಅದಕ್ಕೆ?"

"ಏನೂ ಆಗಿಲ್ಲ, ಅದೇ ತೊಂದರೆ. ಮುಂಚೆ ನನ್ನೊಳಗಿನ ಬೈಯೋನು ಅದರಲ್ಲಿ ಕೂತು ಜೋರು ಮಾಡ್ದಾಗೆಲ್ಲ ಟಕ್ ಅಂತ ವಾಲ್ತಿತ್ತು. ನನಗೆ ನಗು ಬರ್ತಿತ್ತು, ಅವನ ಮರ್ಯಾದೆ ಹೋಗ್ತಿತ್ತು. ನೀವು ಸಿಂಹಾಸನ ಮಾಡಿಟ್ಟಿದೀರ. ಹೋದ ವಾರ ಇಳಿಯೋದೇ ಇಲ್ಲ ಅಂದ್ಬಿಟ್ಟ."

ಅವನ ಸರದಿ ಮುಗಿದು ಅವನು ಹೋದಮೇಲೆ ಶಿಷ್ಯೆ ನನ್ನನ್ನು ಒಳಗೆ ಕರೆದಳು. "ಬೈಯೋನಿಗೆ ಮೆತ್ತೆ, ಮಗುಗೆ ಬರೀ ಹಲಗೆ. ಚೆನ್ನಾಗಿದೆ ಯಜಮಾನ್ರೇ ನಿಮ್ಮ ನ್ಯಾಯ," ಎಂದಳು.

ನಾನು ನಗಲು ಹೋದೆ, ಆಗಲಿಲ್ಲ. ಪ್ರಾರ್ಥನೆಯ ವಿಷಯ ಹೇಳಿಬಿಟ್ಟೆ. ಅವಳು ಬೈಯುವವನ ಕುರ್ಚಿ ತೋರಿಸಿದಳು. "ಕೂತ್ಕೊಳ್ಳಿ. ಆ ದನಿ ಏನನ್ನುತ್ತೋ ಅದನ್ನೇ ಗಟ್ಟಿಯಾಗಿ ಹೇಳಿ."

ಕೂತೆ. "ಎಲ್ಲಾದಕ್ಕೂ ನಾಳೆ ಇವನಿಗೆ. ತಂಗಿ ಸತ್ತರೂ ಹೊಲಿಗೆ ಮುಗೀಲಿಲ್ಲ, ನಾಳೆರಾಯ," ಎಂದು ಗಂಟಲು ಕೆರೆದುಕೊಂಡೆ. ಕೆರೆದ ರೀತಿಗೆ ನಾನೇ ಬೆಚ್ಚಿದೆ.

"ಯಾರಿದು?"

"ನಮ್ಮಪ್ಪ. ಹೋಗಿ ಮೂವತ್ತು ವರ್ಷವಾಯ್ತು."

"ಆದರೂ ಒಂದು ದಿನ ರಜ ಹಾಕಿಲ್ಲ ಅನ್ನಿ. ಈಗ ಗಿಡ್ಡ ಕುರ್ಚಿಗೆ ಬನ್ನಿ."

ಅಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬಂತು. "ಅಪ್ಪನ ಜೊತೆ ಹೊರಡೋಕೆ ಶೂ ಲೇಸು ಕಟ್ತಿದ್ದೆ. ಗಂಟು ಸೊಟ್ಟಗಾಯ್ತು ಅಂತ ಬಿಚ್ಚಿ ಮತ್ತೆ ಕಟ್ತಿದ್ದೆ. ಬೇಕೂಂತ ತಡ ಮಾಡ್ಲಿಲ್ಲ. ಅಪ್ಪ ಬೈದು ಹೊರಟೇಹೋದ್ರು. ತಂಗಿ ಮಾತ್ರ ಬಾಗಿಲಲ್ಲಿ ನಿಂತಿದ್ಲು, ನಿಧಾನಕ್ಕೆ ಕಟ್ಕೋ ಅಣ್ಣ ಅಂತ."

ಮೂರನೆಯ ಕುರ್ಚಿಗೆ ಯಾರೂ ಹೇಳದೆಯೇ ಎದ್ದು ಹೋದೆ. "ಸಾಕಪ್ಪ," ಎಂದೆ. "ಹುಡುಗ ಸೋಮಾರಿಯಲ್ಲ. ಕೆಲಸ ನೆಟ್ಟಗಿರ್ಲಿ ಅಂತ ನಿಧಾನ ಮಾಡ್ತಾನೆ, ಅಷ್ಟೇ. ಅವಳು ಹೋಗ್ತಾಳೆ ಅಂತ ಗೊತ್ತಿದ್ರೆ ಕುರ್ಚಿ ಬಿಟ್ಟು ಬರಿಗೈಲಿ ಓಡ್ತಿದ್ದ. ಅವಳಿಗೆ ಅದು ಗೊತ್ತು."

ಕನ್ನಡಕ ಒರೆಸಿಕೊಂಡು ಚೀಲದಿಂದ ಗರಗಸ ತೆಗೆದೆ. "ನಾಳೆ ಬಂದು ಮಾಡ್ತೀರೇನೋ ಅಂದ್ಕೊಂಡೆ," ಎಂದಳು ಹುಡುಗಿ. ಗುರುವಿನ ನಾಲಿಗೆಯೇ ಅವಳಿಗೂ ಬಂದಿದೆ.

"ಇವತ್ತೇ," ಎಂದೆ.

ಅಂಟಿಸಿದ್ದ ತುಂಡನ್ನು ಕೊಯ್ದು ತೆಗೆದೆ. ಹೆಚ್ಚಿನ ಹತ್ತಿಯನ್ನು ಹೊರತೆಗೆದು ಮಗುವಿನ ಕುರ್ಚಿಗೆ ಮೆತ್ತೆ ಕಟ್ಟಿದೆ. ಅಂಚಿನ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಹಾಕಿದೆ, ಶಿಷ್ಯೆ ಕಾದಳು. ಕೊನೆಗೆ ಪರೀಕ್ಷೆಗೆಂದು ಬೈಯುವವನ ಕುರ್ಚಿಯಲ್ಲಿ ಕೂತು, ಅಪ್ಪನ ದನಿಯಲ್ಲಿ "ನಾಳೆರಾ" ಎನ್ನುವಷ್ಟರಲ್ಲಿ ಅದು ಟಕ್ ಎಂದು ವಾಲಿತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ತಂಗಿ ಕೊಟ್ಟ ಕೆಲಸವನ್ನು ಅವಳು ಹೇಳಿದಂತೆಯೇ ಒಪ್ಪಿಸಿದ್ದೆ.

ಅಲ್ಲಿಯೇ, ಮೂರು ಕುರ್ಚಿಗಳ ನಡುವೆ ನಿಂತು ಕೈ ಜೋಡಿಸಿದೆ. ಈ ಸಲ ಯಾರೂ ಅಡ್ಡ ಬರಲಿಲ್ಲ.

ದೇವರೇ, ನನ್ನ ತಂಗಿ ನಿನ್ನ ಬಳಿ ಬಂದಿದ್ದಾಳೆ. ಬಾಗಿಲಲ್ಲಿ ನಿಂತು ಎಲ್ಲರಿಗಾಗಿ ಕಾದವಳು ಅವಳು. ಅವಳನ್ನು ಮಾತ್ರ ಕಾಯಿಸಬೇಡ. ಒಳಗೆ ಕರೆದು ಕೂರಿಸು, ದಣಿವು ಆರಲಿ, ನೆಮ್ಮದಿ ಕೊಡು. ಅಪ್ಪನೂ ಅಲ್ಲೇ ಇದ್ದರೆ, ಅವರಿಗೂ.