ಅಂಕಮ್ಮ ನೋಡದ ಆಟ

ಹಾರ ಹಾಕಿ ಹಿಂದೆ ಸರಿಯಬೇಕಾಗಿದ್ದ ಮುದುಕ ಹೆಣದ ಬಲಮಂಡಿಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ಕುಕ್ಕರಿಸಿಬಿಟ್ಟ. ಹಿಂದಿನವರು ಹಾರ ಹಿಡಿದುಕೊಂಡು ಕಾದರು. ತಲೆಯ ಬಳಿ ಕೂತಿದ್ದ ಅಂಕಮ್ಮ ಅತ್ತು ಊದಿದ ಕಣ್ಣೆತ್ತಿ ನೋಡಿದಳು. ಬಿಳೀ ಪಂಚೆ, ಹೆಗಲ ಮೇಲೆ ಟವೆಲು. ಕಾಲನಿಯವರಲ್ಲ, ಪಕ್ಕದ ಕೂಟಗಲ್ಲು ಊರಿನವರೂ ಅಲ್ಲ. ಗಂಡ ಮುನಿಶಾಮಯ್ಯನ ಆ ಮಂಡಿಯನ್ನು ಇಷ್ಟು ಹೊತ್ತು ಮುಟ್ಟಿ ಕೂತವರು ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಮಗ ಪ್ರಕಾಶ ಬಗ್ಗಿ, ಯಾರು ಎಂದು ಮೆಲ್ಲಗೆ ಕೇಳಿದ.

"ಅಕ್ಕೂರು ಬೈರಪ್ಪ. ನಿಮ್ಮಪ್ಪ ಆಡ್ತಿದ್ದ ಟೀಮಿಗೆ ನಾನೇ ಕ್ಯಾಪ್ಟನ್ ಕಣಪ್ಪ."

"ಯಾವ ಟೀಮು ಗೌಡ್ರೆ?" ಅಂದಳು ಅಂಕಮ್ಮ.

ಬೈರಪ್ಪ ಜೊತೆಗೆ ಬಂದಿದ್ದ ಚನ್ನಪಟ್ಟಣದ ಸಾಬೀರ್ ಕಡೆ ತಿರುಗಿದ. ಅವನೂ ಅದೇ ವಯಸ್ಸಿನವನು, ಎದುರು ಟೀಮಿನಲ್ಲಿ ಆಡಿದವನು.

"ಈಯಮ್ಮಂಗೆ ಹೇಳೇ ಇಲ್ವಂತೆ ಕಣ್ಲಾ."

*

ಹೇಳಿರಲಿಲ್ಲ. ಅವಳು ಮದುವೆಯಾಗಿ ಬಂದಾಗಲೇ ಗಂಡ ಕುಂಟುತ್ತಿದ್ದ. ರಾಮನಗರದ ಮಿಲ್ಲೊಂದರ ಗೇಟಿನಲ್ಲಿ ವಾಚ್‌ಮನ್. ಚಳಿಗೆ ಮಂಡಿ ಹಿಡಿದುಕೊಂಡರೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತಿದ್ದಳು. ಏನಾಗಿತ್ತು ಎಂದು ಮೊದಲ ವರ್ಷ ಕೇಳಿದ್ದಕ್ಕೆ, ಕಬಡ್ಡಿ ಆಡ್ತಿದ್ದೆ, ಬಿದ್ದೆ ಅಂದಿದ್ದ. ಹುಡುಗರೆಲ್ಲ ಆಡುತ್ತಾರೆ, ಬೀಳುತ್ತಾರೆ. ಅವಳು ಮತ್ತೆ ಕೇಳಲಿಲ್ಲ.

ಟಿವಿಯಲ್ಲಿ ಕಬಡ್ಡಿ ಬಂದಾಗ ಮಾತ್ರ ಮುರಿದ ಮುದ್ದೆ ಅವನ ಕೈಯಲ್ಲೇ ಆರುತ್ತಿತ್ತು. "ಸಿಕ್ಕಾಕ್ಕೊಂಡ" ಎನ್ನುತ್ತಿದ್ದ. ಅವನು ಅಂದ ಮೇಲೆಯೇ ರೈಡಿಗೆ ಹೋದ ಹುಡುಗ ಸಿಕ್ಕಿಹಾಕಿಕೊಳ್ಳುತ್ತಿದ್ದ. ಟಿವಿ ನೋಡುವ ಗಂಡಸರೆಲ್ಲ ಹೀಗೇ ಏನೋ ಗೊಣಗುತ್ತಾರೆ ಅಂದುಕೊಂಡಿದ್ದಳು.

*

ತಮಟೆಯವರು ಒಣಹುಲ್ಲಿನ ಬೆಂಕಿಗೆ ತಮಟೆ ಹಿಡಿದು ಕಾಯಿಸುವಷ್ಟು ಹೊತ್ತಿನಲ್ಲಿ ಬೈರಪ್ಪ ಅದನ್ನೆಲ್ಲ ಹೇಳಿದ.

ಆಗ ಮಾಗಡಿ, ಕನಕಪುರ, ಚನ್ನಪಟ್ಟಣ, ಎಲ್ಲಿ ಟೂರ್ನಮೆಂಟು ನಡೆದರೂ ಊರೂರಿನವರು ಮುನಿಶಾಮಿಯನ್ನು ಕಾಸು ಕೊಟ್ಟು ಕರೆಸುತ್ತಿದ್ದರಂತೆ. ಆಡುವುದಕ್ಕೆ ಕಾಸು ಇಸಕೊಳ್ಳುವುದನ್ನು ಈ ಸೀಮೆಯವರು ಅಲ್ಲಿಯವರೆಗೆ ಕಂಡಿರಲಿಲ್ಲ. ಕೂಲಿ ಆಟಗಾರ ಎಂದು ಹಂಗಿಸಿದರು. ಹಂಗಿಸಿದವರೇ ಮುಂದಿನ ವರ್ಷ ಕರೆಯಲು ಬಂದರು. ಅಕ್ಕೂರಿನ ಪರವಾಗಿ ಈ ಕಾಲನಿಗೆ ಬಂದವನು ಬೈರಪ್ಪ. ಮುನಿಶಾಮಿ ಹಟ್ಟಿಯ ಮುಂದೆ ನಿಂತೇ ಮಾತಾಡಿದ.

"ಕಾಸು ನಿಮ್ಮಿಷ್ಟ. ಊಟ ಮಾತ್ರ ಟೀಮಿನ ಜೊತೆ, ಒಂದೇ ಸಾಲ್ನಾಗೆ."

ಅಕ್ಕೂರಿನ ಹಿರೀಕರು ಆಗುವುದಿಲ್ಲ ಅಂದರು. ಬೈರಪ್ಪನ ತಾಯಿ ಒಲೆಯನ್ನೇ ಹಚ್ಚುವುದಿಲ್ಲ ಎಂದು ಕೂತಳು. ಆದರೆ ವರ್ಷ ವರ್ಷವೂ ಸೋತು ಬರುತ್ತಿದ್ದ ಊರು, ಕಪ್ಪು ಗೆಲ್ಲುವ ಆಸೆ ದೊಡ್ಡದು. ಕೊನೆಗೆ ಶಾಲೆಯ ಜಗಲಿಯಲ್ಲಿ ಏಳೂ ಜನಕ್ಕೆ ಒಂದೇ ಸಾಲಿನಲ್ಲಿ ಎಲೆ ಬಿತ್ತು. ಆ ಸಲ ಅಕ್ಕೂರು ಗೆದ್ದಿತು. ಆಮೇಲೆ ಯಾರು ಕರೆದರೂ ಮುನಿಶಾಮಿಯದು ಅದೇ ಮಾತು. ಒಪ್ಪದ ಊರಿಗೆ, ಎಷ್ಟು ಕಾಸು ತೋರಿಸಿದರೂ, ಕಾಲಿಡಲಿಲ್ಲ.

ಮುಂದೆ ಮಿಲ್ಲಿನವರು ತಮ್ಮ ಟೀಮಿಗೆಂದೇ ತಿಂಗಳ ಸಂಬಳಕ್ಕೆ ಸೇರಿಸಿಕೊಂಡರು. ಬೆಳಗ್ಗೆ ಓಟ, ಸಾಯಂಕಾಲ ಆಟ, ಬೇರೆ ಕೆಲಸವಿಲ್ಲ. ಕೆಲವು ವರ್ಷ ರಾಜನ ಹಾಗಿದ್ದ. ಒಂದು ಮಧ್ಯಾಹ್ನ ಕನಕಪುರದ ಅಂಕಣದಲ್ಲಿ ಐದಾರು ಜನ ಒಟ್ಟಿಗೆ ಮೇಲೆ ಬಿದ್ದರು, ಮಂಡಿ ತಿರುಚಿಕೊಂಡಿತು. ಮಿಲ್ಲಿನವರು ಕೈಬಿಡದೆ ಗೇಟಿನಲ್ಲಿ ಕೂರಿಸಿದರು.

"ಊರಿಗೆ ಬಾ ಬಾ ಅಂತ ಕರೆದೂ ಕರೆದೂ ಸಾಕಾಯ್ತು," ಅಂದ ಬೈರಪ್ಪ. "ಬರ್ನಿಲ್ಲ. ನೀವು ಓಡೋ ಮುನಿಶಾಮಿನ ನೋಡಿದ್ದೀರಿ, ಅವನೇ ಇರ್ಲಿ ಅಂದ್ಬುಟ್ಟ."

*

ಅಂಕಮ್ಮ ಗಂಡನ ಮುಖ ನೋಡಿದಳು. ಬೆಳಗಿನಿಂದ ಬರೀ ಅಳು ಬಂದಿತ್ತು, ಈಗ ಸಿಟ್ಟು ಬಂತು. ಸೀಮೆಯವರೆಲ್ಲ ನೋಡಿದ್ದನ್ನು ತಾನೊಬ್ಬಳು ನೋಡಿಲ್ಲ. ಚಟ್ಟ ಕಟ್ಟಿ ಆಗಿತ್ತು, ತಮಟೆ ಶುರುವಾಗಿತ್ತು. ಹೊತ್ತು ಮುಳುಗುವ ಮುಂಚೆ ಮಣ್ಣಾಗಬೇಕು, ಏಳವ್ವ, ಅಂದ ಪ್ರಕಾಶ. ಅವಳು ಏಳಲಿಲ್ಲ.

"ಬೈರಣ್ಣ," ಅಂದಳು. "ಅವ್ರು ಹೆಂಗೆ ಆಡ್ತಿದ್ರು? ಒಸಿ ತೋರ್ಸಣ್ಣ."

ಬಂಧುಗಳು ಮುಖ ಮುಖ ನೋಡಿಕೊಂಡರು. ಪ್ರಕಾಶ ಬೇಡ ಎನ್ನುವಂತೆ ಅವ್ವನ ಭುಜ ಹಿಡಿದ. ಬೈರಪ್ಪ ಎಪ್ಪತ್ತು ದಾಟಿದವನು, ಹೋದ ವರ್ಷ ಎದೆಗೆ ಸ್ಟೆಂಟು ಹಾಕಿಸಿಕೊಂಡವನು. ಟವೆಲನ್ನು ಸೊಂಟಕ್ಕೆ ಬಿಗಿದ. ಪಂಚೆ ಎತ್ತಿ ಕಟ್ಟಿದ. ಚಪ್ಪಲಿ ಬಿಟ್ಟು, ಹೆಬ್ಬೆರಳಿನಿಂದ ಅಂಗಳದ ಮಣ್ಣಿನಲ್ಲಿ ಒಂದು ಗೆರೆ ಎಳೆದ. ಹೆಂಗಸರು ಬಿಂದಿಗೆಗಳನ್ನು ಎತ್ತಿಕೊಂಡು ಗೋಡೆಗೆ ಸರಿದರು. ಗೆರೆಯಾಚೆ ಸಾಬೀರ್ ಬಗ್ಗಿ, ಎರಡೂ ಕೈ ಅಗಲಿಸಿ ನಿಂತ.

"ನನ್ನ ಕೈಗೆ ಒಂದ್ಸಲಾನೂ ಸಿಗ್ನಿಲ್ಲ ಕಣಮ್ಮ," ಅಂದ.

ತಮಟೆ ನಿಂತಿತು.

ಬೈರಪ್ಪ ಗೆರೆ ಮುಟ್ಟಿ ಹಣೆಗೊತ್ತಿಕೊಂಡು ಒಳಗೆ ಹೋದ. ಕಬಡ್ಡಿ ಕಬಡ್ಡಿ ಕಬಡ್ಡಿ. ಸಣ್ಣ ದನಿ, ಒಂದೇ ಉಸಿರು. ಎದೆ ನೆಲದ ಕಡೆ ಬಾಗಿತ್ತು, ಕೈ ಮಾತ್ರ ಗಾಳಿಯಲ್ಲಿ ಯಾರನ್ನೋ ಕರೆಯುವಂತೆ ಆಡುತ್ತಿತ್ತು. ಸಾಬೀರ್ ಮುನ್ನುಗ್ಗಿದ. ಬೈರಪ್ಪ ಪಕ್ಕಕ್ಕೆ ವಾಲಿ, ಅವನ ಭುಜ ತಟ್ಟಿ ತಿರುಗಿದ. ಅಷ್ಟಕ್ಕೇ ದಮ್ಮು ಮುಗಿಯುತ್ತಾ ಬಂದಿತ್ತು, ಮಾತು ಬರೀ ತುಟಿಯಲ್ಲಿತ್ತು, ಗೆರೆ ಇನ್ನೂ ದೂರವಿತ್ತು.

ಅಂಕಮ್ಮ ಯಾವಾಗ ಎದ್ದು ನಿಂತಳೋ ಯಾರೂ ನೋಡಲಿಲ್ಲ. ಸೆರಗನ್ನು ಬಾಯಿಗೊತ್ತಿ ಹಿಡಿದಿದ್ದ ಅವಳು, ಆ ಮುದುಕನ ಪಾದ ಗೆರೆಯ ಈಚೆಗೆ ಬಿದ್ದ ಮೇಲೆಯೇ ಉಸಿರು ಬಿಟ್ಟಳು.