ಸಿಕ್ಕಾ ಇಲ್ಲದ ಸಭೆ

ಸೇಡಂನ ಸರ್ಕಾರಿ ಶಾಲೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೇ ಮನೆಗೆ ಬಿಡುವ ಉದ್ದನೆಯ ಗಂಟೆ ಹೊಡೆಯಿತು. ಮುನ್ನೂರು ಮಕ್ಕಳು ಚೀಲ ಹೆಗಲಿಗೇರಿಸಿ, ಒಂದೂ ಪ್ರಶ್ನೆ ಕೇಳದೆ, ಸಾಲು ಹಿಡಿದು ಮನೆಗೆ ಹೋದರು. ಅಂಥ ಶಿಸ್ತನ್ನು ಅವರು ಪಾಠದಲ್ಲಿ ಎಂದೂ ತೋರಿಸಿದವರಲ್ಲ. ಗಂಟೆ ಹೊಡೆದವನು ಜವಾನ ಚಂದ್ರಾಮ. ಮುಂಜಾನೆಯೇ ಏರಿಸಿಕೊಂಡು ಬಂದಿದ್ದ. ಅವನ ಕಣ್ಣಿಗೆ ಸಂಜೆಯಾಗಿತ್ತು.

ಮರುದಿನ ಹೆಡ್‌ಮಾಸ್ತರ ರೇವಣಸಿದ್ದಯ್ಯನವರು ಅವನನ್ನು ಶಿಕ್ಷಕರೆಲ್ಲರ ಎದುರು ನಿಲ್ಲಿಸಿದರು.

"ರಿಪೋರ್ಟ್ ಬರದಿಟ್ಟೀನಿ. ಕುಡಿಯೋದು ಬಿಡಸೋ ಮೀಟಿಂಗ್ ನಡೀತಾವಂತ, ಹೋಗು. ಹೋಗಿ ಬಂದೀದಿ ಅಂತ ಮೊಹರಿನ ಸಿಕ್ಕಾ ಹೊಡದ ಪತ್ರ ತಾ. ಮುಂದಿನ ಸೋಮವಾರ ಪತ್ರ ಬರಲಿಲ್ಲಂದ್ರ ರಿಪೋರ್ಟ್ ಮ್ಯಾಲ ಹೋಗ್ತದ, ನೀ ಮನಿಗಿ ಹೋಗ್ತಿ."

ಆಮೇಲೆ ಕುಡಿತದ ಕೆಡುಕಿನ ಮೇಲೆ ಇಪ್ಪತ್ತು ನಿಮಿಷ ಮಾತಾಡಿದರು. ಪ್ರತಿವರ್ಷ ಅಕ್ಟೋಬರ್ ಎರಡಕ್ಕೆ, ಗಾಂಧಿ ಜಯಂತಿಗೆ, ಮಾಡುವ ಭಾಷಣವೇ ಆದ್ದರಿಂದ ಎಲ್ಲೂ ತಡವರಿಸಲಿಲ್ಲ.

ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೆ, ಮೂಲವ್ಯಾಧಿ ವೈದ್ಯರ ಪೋಸ್ಟರಿನ ಪಕ್ಕದಲ್ಲಿ, ಚಂದ್ರಾಮನಿಗೆ ಆ ಸಭೆಯವರ ನಂಬರು ಸಿಕ್ಕಿತು. ಫೋನೆತ್ತಿದವನು ಸಂಘಪಾಲ, ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಪಾಲಿಶ್ ಮಾಡುವವನು. ಅವನೂ ಕುಡಿಯುತ್ತಿದ್ದು ಬಿಟ್ಟವನೇ.

"ಸೇಡಂದಾಗೇ ಅದರಿ, ಗುರುವಾರ ಸಂಜಿಮುಂದ."

"ಇಲ್ಲಿ ಎಲ್ಲಾರೂ ಗುರ್ತದವರೇ ಅಣ್ಣಾ. ಎಲ್ಲಿರ ದೂರಿಂದು ಹೇಳು."

ಅತ್ತಲಿಂದ ನಗು ಕೇಳಿಸಿತು. "ಹಂಗಾರ ಶಹಾಬಾದಕ್ಕ ಬರ್ರಿ. ಭಾನುವಾರ, ಹನ್ನೊಂದಕ್ಕ."

ಭಾನುವಾರ ಅವನು ಮುಖಕ್ಕೆ ಟವೆಲ್ ಸುತ್ತಿಕೊಳ್ಳುವುದನ್ನು ಹೆಂಡತಿ ದ್ರೌಪದಿ ನೋಡುತ್ತ ನಿಂತಳು. "ಕುಡದು ಬಸ್‌ಸ್ಟ್ಯಾಂಡ್ ಮುಂದ ಮೂರು ಸಲ ಮಕ್ಕೊಂಡಿದ್ದಿ, ಆವಾಗ ಮಾರಿ ಮುಚ್ಚಲಿಲ್ಲ. ಈಗ ಬಿಡ್ಲಿಕ್ಕಿ ಹೊಂಟೀದಿ, ಕಳ್ಳರಗತೆ ಸುತ್ತಿಗೊಳ್ಳಿಕತ್ತಿ."

"ಕುಡಿಯೋದು ಎಲ್ಲಾರೂ ಕುಡೀತಾರ. ಬಿಡಾಕತ್ತಾನಂದ್ರ ಮಂದಿ ಏನಂದಾರು?"

"ಹುಚ್ಚ ಅಂತಾರ. ನೌಕರಿ ಇರೋ ಹುಚ್ಚ. ನಡಿ, ಗಾಡಿ ತಪ್ಪೀತು."

ರೈಲಿನಲ್ಲಿ ಚಿತ್ತಾಪುರ ದಾಟಿ, ವಾಡಿ ದಾಟಿ, ಚಹಾಕ್ಕೂ ಟವೆಲ್ ಸರಿಸದೆ ಅವನು ಶಹಾಬಾದಿನಲ್ಲಿ ಇಳಿದ. ಕಲ್ಲಿನ ಪುಡಿಯಿಂದ ಬೆಳ್ಳಗಾದ ಓಣಿಯ ತುದಿಗೆ ಒಂದು ಪುಟ್ಟ ಹಾಲ್. ಒಳಗೆ ಹದಿನೆಂಟು ಮಂದಿ. ಅವರಲ್ಲಿ ಹನ್ನೊಂದು ಮಂದಿ ಸೇಡಂನವರು. ಅವನ ಓಣಿಯ ಕಿರಾಣಿ ಅಂಗಡಿಯವನೂ ಇದ್ದ, ಕೊರಳಲ್ಲಿ, ಮುಖದಿಂದ ಆಗಷ್ಟೇ ಬಿಚ್ಚಿದ ಮಫ್ಲರು.

"ಗಾಬರಿ ಆಗಬ್ಯಾಡ್ರಿ," ಎಂದ ಸಂಘಪಾಲ. "ನಿಮ್ಮೂರಾಗಿನ ಗುರುವಾರದ ಮೀಟಿಂಗಿಗಿ ಹೋಗಿ ನೋಡ್ರಿ, ಬರೇ ಶಹಾಬಾದದವರೇ ತುಂಬಿರ್ತಾರ."

ಕುರ್ಚಿ ಎಳೆದು ಕೂರುವಷ್ಟರಲ್ಲಿ ಮುಂದಿನ ಸಾಲಿನಿಂದ ಒಬ್ಬರು ಎದ್ದು ನಿಂತರು. ಬೆನ್ನು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಆದರೆ ಆ ದನಿಯನ್ನು ಚಂದ್ರಾಮ ಹನ್ನೆರಡು ವರ್ಷದಿಂದ ನಿಂತುಕೊಂಡೇ ಕೇಳುತ್ತ ಬಂದಿದ್ದ.

"ನನ್ನ ಹೆಸರು ರೇವಣಸಿದ್ದಯ್ಯ. ನಾನು ಕುಡುಕ. ಕಳೆದ ಇಪ್ಪತ್ತೆರಡು ವರ್ಷಗಳಿಂದ ಈ ದುಶ್ಚಟಕ್ಕೆ ಬಲಿಯಾಗಿ..."

ಭಾಷಣ ಅದೇ, ಅಕ್ಟೋಬರ್ ಎರಡರದ್ದೇ. 'ಕೆಲವರು' ಇದ್ದಲ್ಲೆಲ್ಲ 'ನಾನು' ಬಂದಿತ್ತು, ಅಷ್ಟೇ. ಬಾಟಲಿಯನ್ನು ಶಾಲೆಯ ಪ್ರಯೋಗಾಲಯದ ಕಪಾಟಿನಲ್ಲಿ ಇಡುವೆನೆಂದೂ, ಅದರ ಮೇಲೆ 'ಆಸಿಡ್, ಅಪಾಯ' ಎಂದು ಚೀಟಿ ಅಂಟಿಸಿರುವೆನೆಂದೂ ಅವರು ಹೇಳಿದಾಗ ಚಂದ್ರಾಮನಿಗೆ ಒಂದು ಮಾತು ನೆನಪಾಯಿತು. ಇಷ್ಟು ವರ್ಷ ಆ ಕೋಣೆಯ ಕೀಲಿಯನ್ನು ಸಾಹೇಬರು ಅವನಿಗೆ ಕೊಟ್ಟಿರಲಿಲ್ಲ. ಕೈ ಸುಟ್ಟುಗೊಂಡೀಯೋ ಮಾರಾಯ ಅನ್ನುತ್ತಿದ್ದರು. ಎಷ್ಟು ಕಾಳಜಿ ಎಂದು ಅವನು ಮನೆಯಲ್ಲೂ ಹೊಗಳಿದ್ದ.

ಅವನ ಸರದಿ ಬಂತು. ಎದ್ದ, ಟವೆಲ್ ತೆಗೆದ. "ನಾ ಚಂದ್ರಾಮ್ ರಿ. ಸಾಲಿ ಗಂಟಿ ಹನ್ನೊಂದಕ್ಕ ಹೊಡದಾಂವ."

ರೇವಣಸಿದ್ದಯ್ಯನವರು ತಿರುಗಿ ನೋಡಿದರು. ಆಮೇಲೆ ಗೋಡೆಯನ್ನು ಬಹಳ ಹೊತ್ತು ನೋಡಿದರು.

ಸಭೆ ಮುಗಿದ ಮೇಲೆ ಚಂದ್ರಾಮ ಪತ್ರ ಕೇಳಿದ. ಸಂಘಪಾಲ ಇಲ್ಲವೆಂದು ತಲೆಯಾಡಿಸಿದ. "ನಾವು ಮನಿತನದ ಅಡ್ಡಹೆಸರೇ ಕೇಳಂಗಿಲ್ಲ, ಸಿಕ್ಕಾ ಎಲ್ಲಿಂದ ತರಲಿ? ಇಲ್ಲಿ ಕೇಳಿದ್ದು ಇಲ್ಲೇ ಬಿಟ್ಟು ಹೋಗಬೇಕು, ಅದೊಂದೇ ಕಾನೂನು."

ಆ ಕಾನೂನಿಗೆ ಎಲ್ಲರಿಗಿಂತ ಜೋರಾಗಿ ತಲೆದೂಗಿದವರು ಹೆಡ್‌ಮಾಸ್ತರರು. ವಾಪಸು ಬರುವಾಗ ರೈಲಿನ ಬೇರೆ ಡಬ್ಬಿ ಹತ್ತಿದರು.

ಸೋಮವಾರ ಸ್ಟಾಫ್‌ರೂಮಿನಲ್ಲಿ ಅವರ ದನಿ ಎಂದಿನಂತೆಯೇ ಇತ್ತು. ಎಲ್ಲರೂ ಕಾಯುತ್ತಿದ್ದರಲ್ಲ, ಕೇಳದೆ ಬಿಡುವಂತಿರಲಿಲ್ಲ. "ಏನಪ್ಪಾ, ಪತ್ರ?"

"ಇಲ್ರಿ ಸರ್. ಅಲ್ಲಿ ಸಿಕ್ಕಾ ಇರಂಗಿಲ್ಲ."

"ಹಂಗಾರ ಹೋಗಿದ್ದಿ ಅಂತ ಹ್ಯಾಂಗ ನಂಬಬೇಕು?" ವಿಜ್ಞಾನದ ಶೈಲಶ್ರೀ ಟೀಚರ್ ನಡುವೆ ಬಾಯಿಹಾಕಿದರು.

"ಅಲ್ಲಿ ನನ್ನ ನೋಡಿದವರು ಒಬ್ರು ಅದಾರ್ರಿ. ದೊಡ್ಡ ಮನಷ್ಯಾರು. ಹೆಸರು ನಾ ಹೇಳಂಗಿಲ್ಲ. ಕಾನೂನು ಅದ."

ರೇವಣಸಿದ್ದಯ್ಯನವರು ಹಾಳೆ ಎಳೆದುಕೊಂಡರು. 'ಸದರಿ ಚಂದ್ರಾಮ ಎಂಬಾತನು ಸಭೆಗೆ ಹಾಜರಾಗಿದ್ದನೆಂದು ಖಾತ್ರಿಪಡಿಸಲಾಗಿದೆ' ಎಂದು ಬರೆದು, ಶಾಲೆಯ ಸಿಕ್ಕಾವನ್ನು ಎರಡು ಸಲ ಒತ್ತಿದರು. ರಿಪೋರ್ಟನ್ನು ಹರಿದು ಬುಟ್ಟಿಗೆ ಹಾಕಿದರು.

"ಖಾತ್ರಿ ಯಾರು ಮಾಡಿದ್ರಿ ಸರ್?" ಎಂದರು ಶೈಲಶ್ರೀ.

"ಇಲಾಖೆಗೆ ಮೂಲಗಳಿರ್ತಾವ, ನಿಮಗ ತಿಳಿಯಂಗಿಲ್ಲ. ಕ್ಲಾಸಿಗಿ ನಡೀರಿ."

ಎಲ್ಲರೂ ಹೋದ ಮೇಲೂ ಚಂದ್ರಾಮ ಕದಲಲಿಲ್ಲ.

"ಮತ್ತೇನು?"

"ಲ್ಯಾಬಿನ ಕೀಲಿ ಕೊಡ್ರಿ ಸರ್. ಆ ಆಸಿಡ್ ಚೆಲ್ಲಿ ಬಿಡೋಣು."

ಕೀಲಿ ಸಾಹೇಬರ ಜೇಬಿನಿಂದ ಮೇಜಿಗೆ ಬಂತು. ಚಂದ್ರಾಮ ಅದನ್ನು ಮುಟ್ಟಲಿಲ್ಲ.

"ನೀವೂ ಬರ್ರಿ ಸರ್. ನಾ ಒಬ್ಬನೇ ಹೋದ್ನಂದ್ರ ಗಂಟಿ ಮತ್ತ ಹನ್ನೊಂದಕ್ಕೇ ಹೊಡೀತದ."